ಮನೆಯಲ್ಲಿ ಓದಿಕೊಳ್ಳುವ ಪಾಠ

ಕಳ್ಳಿದಿನ್ನಿ ಶಾಲೆಯ ಇಪ್ಪತ್ತಮೂರು ಮಕ್ಕಳು ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಅಕ್ಷರ ಬಿಡದೆ ಒಂದೇ ಉತ್ತರ ಬರೆದದ್ದು ಎಲ್ಲ ರಾಮಾಯಣಕ್ಕೂ ಮೂಲವಾಯಿತು. ‘ಮಾನವನ ಸಂತಾನೋತ್ಪತ್ತಿ ಎಂದರೇನು?’ ಎಂದು ವಿಜ್ಞಾನ ಪತ್ರಿಕೆಯಲ್ಲಿ ಕೇಳಿದ್ದರು. ‘ಮಾನವನ ಸಂತಾನೋತ್ಪತ್ತಿ ಎಂದರೆ ಮನೆಯಲ್ಲಿ ಓದಿಕೊಳ್ಳುವುದು’ ಎಂದು ಇಪ್ಪತ್ತಮೂರೂ ಮಕ್ಕಳು ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದರು.

ಮಕ್ಕಳ ತಪ್ಪೇನೂ ಇರಲಿಲ್ಲ. ಹೆಡ್ ಮಾಸ್ತರ ಗಿಡ್ಡಪ್ಪನವರು ಹದಿಮೂರನೆಯ ಪಾಠಕ್ಕೆ ಬಂದಾಗಲೆಲ್ಲ ಬೋರ್ಡಿನ ಮೇಲೆ ಪಾಠದ ಹೆಸರು ಬರೆದು, ಅದರ ಕೆಳಗೆ ‘ಮನೆಯಲ್ಲಿ ಓದಿಕೊಳ್ಳುವುದು’ ಎಂದು ಬರೆದು, ಮಕ್ಕಳಿಂದಲೂ ಬರೆಸಿ, ಎರಡನ್ನೂ ಒರೆಸಿ, ಹದಿನಾಲ್ಕಕ್ಕೆ ಹಾರುತ್ತಿದ್ದರು. ಮಾಸ್ತರರು ಬರೆಸಿದ್ದನ್ನು ಬಾಯಿಪಾಠ ಮಾಡುವುದು ಒಳ್ಳೆಯ ಮಕ್ಕಳ ಲಕ್ಷಣ. ಅವರು ಮಾಡಿದ್ದರು.

ಮೇಲಿನವರು ಮೊದಲು ಇದನ್ನು ಕಾಪಿ ಎಂದುಕೊಂಡರು. ಆಮೇಲೆ ನಿಜ ತಿಳಿಯಿತು. ತಿಳಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಮುಂದಿನ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಲಿಂಗಸುಗೂರಿನ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಸಾಹೇಬರು ಖುದ್ದಾಗಿ ಬಂದು ಹದಿಮೂರನೆಯ ಪಾಠವನ್ನು ಪಾಠೋಪಕರಣಗಳ ಸಹಿತ ನೋಡುವವರಿದ್ದರು.

ಗಿಡ್ಡಪ್ಪನವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೆಯ ಸಲ ಓದಿದರು. ಅಕ್ಷರ ಬದಲಾಗಲಿಲ್ಲ. ಆಫೀಸು ಕೋಣೆಗೆ ಎಲ್ಲರನ್ನೂ ಕರೆಸಿದರು. ಎಲ್ಲರೂ ಎಂದರೆ ಮೂವರು: ಡ್ರಿಲ್ ಮಾಸ್ತರ ದಾವಲ್‌ಸಾಬ್, ಕನ್ನಡದ ಶೇಖರಮ್ಮ ಟೀಚರು ಮತ್ತು ಜೂನ್‌ನಲ್ಲಷ್ಟೇ ಬಂದಿದ್ದ ಆದೆಪ್ಪ ಮಾಸ್ತರ.

“ಈ ಪಾಠ ಯಾರು ಮಾಡ್ತೀರಿ?” ಎಂದು ಗಿಡ್ಡಪ್ಪನವರು ಕೇಳಿದರು.

“ಸೈನ್ಸು ತಮ್ಮದಲ್ರೀ ಸರ?” ಎಂದರು ಶೇಖರಮ್ಮ.

“ನಂದೇ. ಆದ್ರ ನನಗ ಎಂಟು ಮಕ್ಕಳಾದ್ರೂ ಈ ವಿಷಯದಾಗ ಏನೂ ಗೊತ್ತಿಲ್ಲವಾ. ನೀವ ಮಾಡ್ರಲ್ಲ, ಹೆಣ್ಮಕ್ಕಳು.”

“ಅಯ್ಯ! ಹೆಣ್ಮಕ್ಕಳು ಈ ಮಾತು ಆಡ್ತಾರೇನ್ರೀ? ನಮ್ಮ ಮನಿಯವರು ಕೇಳಿದ್ರ ನನಗ ರಾಜೀನಾಮಿ ಕೊಡ್ಸ್ತಾರ.”

ಗಿಡ್ಡಪ್ಪನವರು ತಿರುಗುವ ಮೊದಲೇ ದಾವಲ್‌ಸಾಬರು ಎರಡೂ ಕೈ ಮೇಲೆತ್ತಿದ್ದರು. “ನಂದು ಡ್ರಿಲ್ ಸಾಹೇಬ್ರ. ಕೈ ಮ್ಯಾಲ ಮಾಡೋದು, ಕೆಳಗ ಮಾಡೋದು, ಅಷ್ಟ ನನಗ ಬರೋದು.”

ಉಳಿದದ್ದು ಆದೆಪ್ಪ. ಮೂವರೂ ಒಟ್ಟಿಗೆ ಅವನನ್ನು ನೋಡಿದರು. ಅವನು ಗೋಡೆಯ ಮೇಲಿನ ಭಾರತದ ನಕಾಶೆಯನ್ನು ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

“ನನಗ ಇನ್ನೂ ಮದುವಿನೇ ಆಗಿಲ್ರೀ ಸರ!” ಎಂದ.

“ಅದಕ್ಕ ನೀನೇ ಮಾಡಬೇಕು,” ಎಂದರು ಗಿಡ್ಡಪ್ಪ. “ಮದುವಿ ಆದವ್ರು ಹೇಳಿದ್ರ ಅನುಭವ ಹೇಳಿದಂಗ ಆಗ್ತದ. ನೀ ಹೇಳಿದ್ರ ಬರೇ ಪಾಠ ಆಗ್ತದ.”

ಇಂಥ ತರ್ಕಕ್ಕೆ ಉತ್ತರ ಕೊಡಲು ಆದೆಪ್ಪ ಓದಿದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಬೇರೆ ದಿನವಾಗಿದ್ದರೆ ಅವನು ಜ್ವರ ಬಂದಿದೆ ಎಂದು ಸಿಂಧನೂರಿನ ಬಸ್ಸು ಹತ್ತುತ್ತಿದ್ದನೋ ಏನೋ. ಅಂದು ಊರು ಬಿಡುವ ಹಾಗಿರಲಿಲ್ಲ. ಗುರುಗುಂಟಾದ ಅಮರಗುಂಡಪ್ಪನವರು ಎರಡು ಗಂಟೆಯ ಬಸ್ಸಿಗೆ ಬರುವವರಿದ್ದರು. ಹುಡುಗನ ಶಾಲೆ, ರೂಮು, ನಾಲ್ಕು ಜನರ ಅಭಿಪ್ರಾಯ ನೋಡಿಕೊಂಡು, ಸಕ್ಕರೆ ಹಂಚಿ, ಮಗಳು ಅಮರಮ್ಮನ ಮದುವೆಯ ಮಾತು ಗಟ್ಟಿ ಮಾಡಿ ಹೋಗುವುದೆಂದು ಗೊತ್ತಾಗಿತ್ತು. ಆದೆಪ್ಪನಿಗೆ ಮೂವತ್ತೊಂದು ನಡೆಯುತ್ತಿತ್ತು. ಹಿಂದೆ ಮೂರು ಸಂಬಂಧ ಬಂದು ಮೂರೂ ತಪ್ಪಿದ್ದವು. ಹೋದದ್ದಕ್ಕೆ ಅವನು ಅಳಲಿಲ್ಲ. ಆದರೆ ಅಮರಮ್ಮ ಬೇರೆ. ಹೆಣ್ಣು ನೋಡಲು ಹೋದಾಗ ಆಕೆ ಮಂಡಾಳು ಒಗ್ಗರಣೆಯ ತಾಟು ಮುಂದಿಟ್ಟು, ತಲೆ ಎತ್ತಿ ನೇರ ನೋಡಿ, “ಖಾರ ಭಾಳ ಆತೇನ್ರಿ?” ಎಂದು ಕೇಳಿದ್ದಳು. ಕಣ್ಣಲ್ಲಿ ನೀರು ಬರುತ್ತಿದ್ದರೂ ಇಲ್ಲವೆಂದು ತಲೆ ಅಲ್ಲಾಡಿಸಿದ್ದ ಆದೆಪ್ಪ ಅಂದಿನಿಂದ ಆ ಒಂದು ಮಾತನ್ನೇ ನೆನೆಸಿಕೊಂಡು ಬದುಕಿದ್ದ.

“ಪಾಠೋಪಕರಣ ಎಲ್ಲಿಂದ ತರ್ಲಿರಿ?” ಎಂದು ಸೋತ ದನಿಯಲ್ಲಿ ಕೇಳಿದ.

“ಪಂಚಾಯಿತಿ ಕಟ್ಟಡದಾಗ ಇವತ್ತು ದವಾಖಾನಿಯವ್ರು ಕ್ಯಾಂಪ್ ಹಾಕ್ಯಾರ. ನರ್ಸಮ್ಮ ಮೆಹಬೂಬ್‌ಬೀ ಕಡೆ ಚಾರ್ಟು, ಗೊಂಬಿ ಎಲ್ಲಾ ಐತಿ. ಓಡು.”

ಪಂಚಾಯಿತಿ ಕಟ್ಟಡ ಊರಿನ ಆ ತುದಿಗಿತ್ತು. ಅದರ ಮುಂದೆ ಶಾಮಿಯಾನ ಹಾಕಿ, ‘ಗಂಡಸರ ಕುಟುಂಬ ಯೋಜನೆ ಆಪರೇಶನ್ ಶಿಬಿರ’ ಎಂದು ಬಟ್ಟೆ ಕಟ್ಟಿದ್ದರು. ಆಪರೇಶನ್ ಮಾಡಿಸಿಕೊಂಡವರಿಗೆ ಕೆಂಪು ಪ್ಲಾಸ್ಟಿಕ್ ಬಕೀಟು ಉಚಿತ. ಹಿಂದಿನ ವರ್ಷದ ಕ್ಯಾಂಪಿನಿಂದ ಊರಲ್ಲಿ ಹನ್ನೊಂದು ಮನೆಗಳಲ್ಲಿ ಅಂಥ ಬಕೀಟು ಇದ್ದವು. ಆ ಹನ್ನೊಂದು ಮನೆಯ ಹೆಂಗಸರು ನೀರು ತರಲು ಹೊರಟರೆ ಬಕೀಟಿನ ಮೇಲೆ ಸೆರಗು ಹೊದಿಸುತ್ತಿದ್ದರು. ಇದೆಲ್ಲ ಆದೆಪ್ಪ ಕೇಳಿ ತಿಳಿದದ್ದೇ. ಆದರೆ ಆ ಹೊತ್ತಿನಲ್ಲಿ ಅವನ ತಲೆಯೊಳಗೆ ಗರ್ಭಕೋಶ ಎಂಬ ಶಬ್ದವನ್ನು ಶೇಖರಮ್ಮ ಟೀಚರ ಎದುರಿಗೆ ಹೇಗೆ ಉಚ್ಚರಿಸುವುದು ಎಂಬುದು ಬಿಟ್ಟು ಬೇರೇನೂ ಇರಲಿಲ್ಲ.

ಮೆಹಬೂಬ್‌ಬೀ ಚಾರ್ಟುಗಳನ್ನು ಸುತ್ತಿ ಕೊಟ್ಟಳು. ಹೆಂಗಸಿನ ಹೊಟ್ಟೆಯೊಳಗಿನ ಕೂಸನ್ನು ತೋರಿಸುವ ಸುಣ್ಣದ ಗೊಂಬೆಯನ್ನು ಮಾತ್ರ ಕೊಡಲು ಹಿಂದೆಮುಂದೆ ನೋಡಿದಳು.

“ಇದು ಜಿಲ್ಲಾದಿಂದ ಬಂದದ್ದು ಮಾಸ್ತರ. ಒಡೀತಂದ್ರ ನನ್ನ ನೌಕರಿ ಹೋತು. ಕೈಯಾಗ ಹಿಡಕೊಂಡು ಹೋಗಾಕ ಆಗಲ್ಲ. ತಡೀರಿ.” ಪಕ್ಕದ ರಾಶಿಯಿಂದ ಒಂದು ಕೆಂಪು ಬಕೀಟು ಎಳೆದು, ಅದರಲ್ಲಿ ಹತ್ತಿ ತುಂಬಿ, ಗೊಂಬೆ ಇಟ್ಟು, ಮೇಲೆ ಬಟ್ಟೆ ಮುಚ್ಚಿದಳು. “ಸೈಕಲ್ ಹತ್ತಬ್ಯಾಡ್ರಿ. ಕಾಲು ಅಗಲ ಇಟ್ಟು ಮೆತ್ತಗ ನಡೀರಿ. ಮೊಣಕಾಲು ಬಡೀಬಾರದು.”

ಹೀಗೆ ಆದೆಪ್ಪ ಮಾಸ್ತರ ಹಾಡುಹಗಲೇ ಆಪರೇಶನ್ ಶಿಬಿರದಿಂದ ಕೆಂಪು ಬಕೀಟು ಹಿಡಿದು, ಕಾಲು ಅಗಲಿಸಿ, ಮೆತ್ತಗೆ ಹೆಜ್ಜೆ ಇಡುತ್ತ, ಹುಬ್ಬು ಗಂಟಿಕ್ಕಿಕೊಂಡು ಊರ ನಡುವಿನ ರಸ್ತೆಗೆ ಬಂದ.

ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿದರು. ನಳದ ಹತ್ತಿರ ಕೊಡ ತುಂಬಿ ಹರಿದರೂ ಯಾರೂ ಎತ್ತಲಿಲ್ಲ. ಚಹಾದ ಹೋಟೆಲಿನ ನರಸಣ್ಣ ಮಾತ್ರ ಓಡಿ ಬಂದು, ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ಬಿಸಿ ಹಾಲಿನ ಗ್ಲಾಸು ಕೈಗಿಟ್ಟ.

“ಏನ್ ಮಾಸ್ತರ, ನೀವು ಸೈತ?” ಎಂದು ಕನಿಕರದಿಂದ ಕೇಳಿದ.

“ಏನ್ ಮಾಡೋದು ನರಸಣ್ಣ? ಹೆಡ್ ಮಾಸ್ತರ ಹುಕುಂ. ಸಾಲ್ಯಾಗ ಬ್ಯಾರೆ ಯಾರೂ ತಯಾರಾಗಲಿಲ್ಲ. ಎಲ್ಲಾರಿಗಿಂತ ಸಣ್ಣವ ನಾನು, ಸಿಕ್ಕೆ.”

“ಅಲ್ರೀ, ಹೆಡ್ ಮಾಸ್ತರಿಗೇ ಎಂಟು ಅದಾವು. ಅವರೇ ಮುಂದ ಬರಬೇಕಿತ್ತು!”

“ಅವರಿಗೆ ನಾಚಿಕಿ ಅಂತ.”

ನರಸಣ್ಣ ಹಣೆ ಚಚ್ಚಿಕೊಂಡ. “ನಿಮಗ ಇನ್ನೂ ಮದುವಿ ಆಗಿಲ್ಲಲ್ರೀ!”

“ಅದನ್ನೂ ಹೇಳಿದೆ. ಆಗದಿದ್ದವ್ರೇ ಬೇಕು ಅಂದ್ರು.”

“ಹೋಗ್ಲಿ ಬಿಡ್ರಿ, ಮುಗೀತಲ್ಲ.”

“ಎಲ್ಲಿ ಮುಗೀತು? ಅರ್ಧ ಆತು. ಉಳಿದ ಅರ್ಧ ಮೂರು ಗಂಟೇಕ ಸಾಲ್ಯಾಗ ಐತಿ. ಇನ್ಸ್‌ಪೆಕ್ಟರ್ ಸಾಹೇಬ್ರು ಕುರ್ಚಿ ಹಾಕ್ಕೊಂಡು ನೋಡ್ತಾರಂತ. ಎಲ್ಲಾ ಹುಡುಗ್ರ ಮುಂದನೇ ಆಗಬೇಕು,” ಎಂದು ನಿಟ್ಟುಸಿರು ಬಿಟ್ಟು ಆದೆಪ್ಪ ಹಾಲು ಕುಡಿದು ಎದ್ದ.

ನರಸಣ್ಣ ಖಾಲಿ ಗ್ಲಾಸು ಹಿಡಿದು ಅವನು ಹೋದ ದಾರಿಯನ್ನೇ ನೋಡಿದ. ನಲವತ್ತು ವರ್ಷದಲ್ಲಿ ಸರ್ಕಾರದ ಬಗೆಬಗೆಯ ಯೋಜನೆಗಳನ್ನು ಅವನು ಕಂಡಿದ್ದ. ಹೀಗೆ ಅರ್ಧ ಆಪರೇಶನ್ ಪಂಚಾಯಿತಿಯಲ್ಲಿ, ಅರ್ಧ ಶಾಲೆಯಲ್ಲಿ ಮಾಡುವುದನ್ನು ಕಂಡಿರಲಿಲ್ಲ. ಇಂಥ ಸುದ್ದಿಯನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವನಿಂದ ಆಗದ ಕೆಲಸ. ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು.

ಎರಡು ಗಂಟೆಯ ಬಸ್ಸಿನಿಂದ ಇಳಿದ ಅಮರಗುಂಡಪ್ಪನವರು ನೇರವಾಗಿ ನರಸಣ್ಣನ ಹೋಟೆಲಿಗೇ ಬಂದರು. ಹೆಗಲ ಮೇಲೆ ಜರಿಯಂಚಿನ ವಲ್ಲಿ, ಕೈಚೀಲದಲ್ಲಿ ಎರಡು ಸೇರು ಸಕ್ಕರೆ. ಬೆಂಚಿನ ಮೇಲೆ ಕೂತು, ಒಂದು ಚಹಾ ಹೇಳಿ, “ಆದೆಪ್ಪ ಮಾಸ್ತರ ಹೆಂಗ ಮನಿಷಾ?” ಎಂದು ಸಹಜವಾಗಿ ಕೇಳಿದರು.

“ದೇವರಂಥ ಮನಿಷಾ ರೀ,” ಎಂದ ನರಸಣ್ಣ. “ಪಾಪ, ಇವತ್ತ ಮುಂಜಾನಿ ಆಪರೇಶನ್ ಮಾಡಿಸ್ಕೊಂಡ.”

ಅಮರಗುಂಡಪ್ಪನವರ ಬಾಯೊಳಗಿನ ಚಹಾ ಅವರ ವಲ್ಲಿಯ ಜರಿಯ ಮೇಲೆ ಬಿತ್ತು.

ಇತ್ತ ಆದೆಪ್ಪ ಪುಸ್ತಕ ತೆರೆದು ಹದಿಮೂರನೆಯ ಪಾಠವನ್ನು ಒಂಬತ್ತು ಸಲ ಓದಿ, ಚಾರ್ಟು ತೂಗುಹಾಕಿ, ಮೇಜಿನ ಮೇಲೆ ಗೊಂಬೆ ಇಟ್ಟಿದ್ದ. ಮೂರಕ್ಕೆ ಐದು ನಿಮಿಷವಿದ್ದಾಗ ದಾವಲ್‌ಸಾಬರು ಓಡಿ ಬಂದರು.

“ಮಾಸ್ತರ, ಕೆಲಸ ಕೆಟ್ಟತಿ! ನಿಮಗ ಆಪರೇಶನ್ ಆಗೇತಿ ಅಂತ ಊರೆಲ್ಲಾ ಸುದ್ದಿ. ನಿಮ್ಮ ಮಾವ ಆಗೋರು ಬೇವಿನ ಗಿಡದ ಕೆಳಗ ಕುಂತಾರ. ಸಕ್ಕರಿ ಚೀಲದ ಬಾಯಿ ಬಿಗಿದು ಕಟ್ಟ್ಯಾರ. ನಾಕು ಗಂಟಿ ಬಸ್ಸಿಗೆ ವಾಪಸ್ ಅಂತ!”

ಆದೆಪ್ಪನಿಗೆ ಬಕೀಟು, ಹಾಲು, ನರಸಣ್ಣನ ಮಾತು ಎಲ್ಲ ಒಮ್ಮೆಗೇ ಅರ್ಥವಾದವು. ಅಮರಗುಂಡಪ್ಪನವರ ಕಾಲು ಹಿಡಿಯೋಣವೆಂದು ಬಾಗಿಲಿಗೆ ಓಡಿದ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಇನ್ಸ್‌ಪೆಕ್ಟರ್ ಸಾಹೇಬರು ಇಳಿದು, ಗಡಿಯಾರ ನೋಡಿ, “ಹೂಂ, ಶುರು ಮಾಡಿ,” ಎಂದು ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂತರು.

ಮಕ್ಕಳು ಎದ್ದು ನಮಸ್ಕಾರ ಹೇಳಿ ಕೂತರು. ಆದೆಪ್ಪ ಕಿಟಕಿಯ ಕಡೆಗೆ ನೋಡಿದ. ಮಕ್ಕಳ ಮುಂದೆ ನಡೆಯುವ ಅರ್ಧ ಆಪರೇಶನ್ ನೋಡಲು ಊರೇ ಬಂದು ಕಿಟಕಿ ತುಂಬಿತ್ತು. ಸರಳುಗಳ ನಡುವೆ ಮೂಗುಗಳು, ಮೀಸೆಗಳು, ಮೂಗುತಿಗಳು. ಎಲ್ಲರ ಹಿಂದೆ, ಕಲ್ಲಿನ ಮೇಲೆ ನಿಂತು, ಅಮರಗುಂಡಪ್ಪನವರು ಇಣುಕುತ್ತಿದ್ದರು.

ಹೊರಗೆ ಹೋಗಿ ಹೇಳುವ ಹಾಗಿಲ್ಲ. ಹೇಳದಿದ್ದರೆ ನಾಲ್ಕು ಗಂಟೆಯ ಬಸ್ಸಿನಲ್ಲಿ ಅಮರಮ್ಮನ ಸಂಬಂಧ ಗುರುಗುಂಟಾಕ್ಕೆ ಹೋಗಿಬಿಡುತ್ತದೆ. ಉಳಿದದ್ದು ಒಂದೇ ದಾರಿ: ಹೇಳಬೇಕಾದ್ದನ್ನೆಲ್ಲ ಪಾಠದಲ್ಲೇ ಹೇಳುವುದು, ಕಲ್ಲಿನ ಮೇಲೆ ನಿಂತವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವುದು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಶಬ್ದಗಳು ಆ ಗಾಬರಿಗೆ ದಡದಡ ಹೊರಬಿದ್ದವು.

“ಇದು ಗರ್ಭಕೋಶ!” ಎಂದು ಆದೆಪ್ಪ ಕೂಗಿದ. ಬೇವಿನ ಗಿಡದ ಕಾಗೆಗಳು ಹಾರಿಹೋದವು.

ಹುಡುಗರು ಒಂದು ಗಳಿಗೆ ಕಿಸಕಿಸ ನಕ್ಕರು. ಆದೆಪ್ಪ ನಗಲಿಲ್ಲ. ನಗಲು ಪುರುಸೊತ್ತಿರಲಿಲ್ಲ. ಅಂಡಾಣು ಎಂದರೇನು, ವೀರ್ಯಾಣು ಎಂದರೇನು, ಕೂಸು ಒಂಬತ್ತು ತಿಂಗಳು ಒಳಗೆ ಹೇಗೆ ಬೆಳೆಯುತ್ತದೆ, ದೊಡ್ಡವರಾಗುವಾಗ ಹುಡುಗರ ದನಿ ಯಾಕೆ ಒಡೆಯುತ್ತದೆ, ಹುಡುಗಿಯರಿಗೆ ಮುಟ್ಟು ಯಾಕೆ ಬರುತ್ತದೆ ಎಂದು ಚಾರ್ಟಿನಿಂದ ಗೊಂಬೆಗೆ, ಗೊಂಬೆಯಿಂದ ಚಾರ್ಟಿಗೆ ಓಡಾಡುತ್ತ ಹೇಳಿದ. ಐದು ನಿಮಿಷದಲ್ಲಿ ಮಕ್ಕಳು ನಗುವುದನ್ನು ಮರೆತು ಕೇಳತೊಡಗಿದರು. ಯೂನುಸ ಎಂಬ ಹುಡುಗ ಎದ್ದು, “ಸರ, ನಮ್ಮ ಎಮ್ಮಿಗೂ ಹಿಂಗೇ ಏನ್ರೀ?” ಎಂದ. “ಹಿಂಗೇ! ಕೂತ್ಕೋ!” ಎಂದ ಆದೆಪ್ಪ. ಹಿಂದಿನ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಮಾತ್ರ ಕಿವಿ ಕೆಂಪಾಗಿ ಮಾಡಿನ ತೊಲೆಗಳನ್ನು ಎಣಿಸುತ್ತಿದ್ದರು.

ಅಷ್ಟರಲ್ಲಿ ಕೊನೆಯ ಸಾಲಿನ ಆದಮ್ಮ ಎಂಬ ಹುಡುಗಿ ಎದ್ದು ನಿಂತಳು. ಮಾಸ್ತರರನ್ನು ಕೇಳದೆ, ಬಾಗಿಲ ಮರೆಯಲ್ಲಿ ನಿಂತಿದ್ದ ಶೇಖರಮ್ಮ ಟೀಚರ ಕಡೆ ತಿರುಗಿ, “ಅಕ್ಕೋರ, ಹಂಗಾರ ಅದು ಜಡ್ಡು ಅಲ್ಲೇನ್ರೀ?” ಎಂದು ಕೇಳಿದಳು.

ಶೇಖರಮ್ಮ ಸೆರಗು ಬಾಯಿಗೆ ಹಿಡಿದವರು, ಸೆರಗು ಬಿಟ್ಟರು. ಒಳಗೆ ಬಂದು ಆದಮ್ಮನ ತಲೆಯ ಮೇಲೆ ಕೈಯಿಟ್ಟು, “ಅಲ್ಲವಾ, ಮುಟ್ಟು ಜಡ್ಡೂ ಅಲ್ಲ, ರೋಗಾನೂ ಅಲ್ಲ. ನನಗೂ ಸಣ್ಣಾಕಿ ಇದ್ದಾಗ ಯಾರೂ ಹೇಳಿದ್ದಿಲ್ಲ. ಸಾಯ್ತೀನಿ ಅಂತ ಎರಡು ದಿನ ಅತ್ತಿದ್ದೆ,” ಎಂದರು. ಕಿಟಕಿಯ ಹೊರಗಿನ ಒಬ್ಬ ಮುದುಕಿ, “ನಾನೂ ಅತ್ತಿದ್ದೆ ತಾಯಿ,” ಎಂದಳು. ಆದಮ್ಮ ನಕ್ಕಳು. ಅಂಥ ಹಗುರಾದ ನಗುವನ್ನು ಆ ತರಗತಿ ಅದುವರೆಗೆ ಕಂಡಿರಲಿಲ್ಲ. ಆದೆಪ್ಪನಿಗೂ ಒಂದು ಕ್ಷಣ ತನ್ನ ಸಂಕಟ ಮರೆತು ಸಂತೋಷವಾಯಿತು.

ಕ್ಷಣ ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತು.

“ಇನ್ನ ಆಪರೇಶನ್!” ಎಂದು ಆದೆಪ್ಪ ಕಿಟಕಿಗೆ ಮುಖ ಮಾಡಿದ. “ಆಪರೇಶನ್ ಅಂದ್ರ ಒಂದು ಸಣ್ಣ ನಾಳ ಕಟ್ಟೋದು. ಎರಡು ಮೂರು ಮಕ್ಕಳಾದವ್ರು ತಾವಾಗಿ ಒಪ್ಪಿ ಮಾಡಿಸ್ಕೋತಾರ. ಮದುವಿ ಆಗದವ್ರಿಗೆ ಮಾಡಂಗೇ ಇಲ್ಲ! ಬಕೀಟಿನ್ಯಾಗ ಈ ಗೊಂಬಿ ತಂದವ್ರಿಗೆ ಆಪರೇಶನ್ ಆಗೇತಿ ಅಂತ ಯಾರರೆ ತಿಳಕೊಂಡಿದ್ರ ಅದು ಶುದ್ಧ ಸುಳ್ಳು! ಮಾಡಿಸ್ಕೊಂಡವ್ರು ಅದ ದಿನ ಹಿಂಗ ಜಿಗಿಯಾಕ ಆಗ್ತದೇನು? ನೋಡ್ರಿ!”

ಎಂದವನೇ ಗೊಂಬೆಯನ್ನು ದಾವಲ್‌ಸಾಬರ ಕೈಗಿಟ್ಟು, ಮೇಜಿನ ಮೇಲೆ ಹತ್ತಿ ಕೆಳಗೆ ಧುಮುಕಿದ. ಮತ್ತೆ ಹತ್ತಿ ಮತ್ತೆ ಧುಮುಕಿದ. ಮೂರನೆಯ ಸಲಕ್ಕೆ ದಾವಲ್‌ಸಾಬರು ಅಭ್ಯಾಸಬಲದಿಂದ “ಏಕ್! ದೋ!” ಎಂದರು. ಮಕ್ಕಳು ಚಪ್ಪಾಳೆ ಹೊಡೆದರು. ಕಿಟಕಿಯಲ್ಲೂ ಚಪ್ಪಾಳೆ. ಗಿಡ್ಡಪ್ಪನವರು ತಮ್ಮ ಎಂಟು ಮಕ್ಕಳ ಜ್ಞಾನ ಅಂದು ಪೂರ್ತಿಯಾದವರಂತೆ ತಲೆದೂಗುತ್ತಿದ್ದರು.

ಗಂಟೆ ಹೊಡೆಯಿತು. ಆದೆಪ್ಪ ಬೆವರು ಒರೆಸುತ್ತ ಹೊರಗೆ ಓಡಿ ಬಂದ. ಇನ್ಸ್‌ಪೆಕ್ಟರ್ ಸಾಹೇಬರು ಆಫೀಸಿಗೆ ಹೋದರು. ಅಮರಗುಂಡಪ್ಪನವರು ಕಲ್ಲಿನಿಂದ ಇಳಿದಿದ್ದರು. ಅವರ ಮುಖ ಅರಳಿತ್ತು.

“ಆಪರೇಶನ್ ಆಗಿಲ್ಲ ಅಂತ ನನಗ ಖಾತ್ರಿ ಆತಪ್ಪಾ,” ಎಂದು ಆದೆಪ್ಪನ ಬೆನ್ನು ತಟ್ಟಿದರು. “ಎಂಥಾ ಜಿಗಿತ! ನಾ ಸುಮ್ಮನ ಹೈರಾಣಾದೆ.” ಸಕ್ಕರೆ ಚೀಲದ ಗಂಟು ಬಿಚ್ಚಲು ಕೈ ಹಾಕಿದರು. ಆದೆಪ್ಪನ ಎದೆ ಹೂವಾಯಿತು. ಅರ್ಧ ಬಿಚ್ಚಿದ ಗಂಟಿನ ಮೇಲೆ ಅವರ ಬೆರಳು ನಿಂತಿತು.

“ಒಂದು ಮಾತು, ಮಾಸ್ತರ. ಮದುವಿ ಆಗದ ನಿಮಗ ಇದೆಲ್ಲಾ ಇಷ್ಟು ಬಿಡಿಸಿ ಬಿಡಿಸಿ ಹೆಂಗ ಗೊತ್ತು?”

ಸುತ್ತಲಿನ ಮೀಸೆಗಳೆಲ್ಲ ಆದೆಪ್ಪನ ಕಡೆ ತಿರುಗಿದವು. ಇದು ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ.

“ಅಯ್ಯೋ, ಪುಸ್ತಕದಾಗ ಐತ್ರೀ!” ಎಂದು ಆದೆಪ್ಪ ಗಾಬರಿಯಿಂದ ಕೈಯಲ್ಲಿದ್ದ ಪುಸ್ತಕ ತೆರೆದು ತೋರಿಸಿದ. “ನೋಡ್ರಿ, ಹದಿಮೂರನೇ ಪಾಠ. ನಾ ಹೇಳಿದ್ದೆಲ್ಲಾ ಇದರಾಗ ಐತಿ. ನಿಮ್ಮ ಆಣಿ, ಇದರ ಹೊರಗಿಂದು ನನಗ ಒಂದಕ್ಷರ ಗೊತ್ತಿಲ್ಲ.”

ಅಮರಗುಂಡಪ್ಪನವರು ಪುಸ್ತಕ ತಿರುವಿ ನೋಡಿದರು. ಚಿತ್ರ ಕಂಡು ಪಟ್ಟನೆ ಮುಚ್ಚಿದರು. ಸಮಾಧಾನವಾದಂತೆ ಕಂಡಿತು. “ಹೌದು, ಪುಸ್ತಕದಾಗ ಐತಿ. ಸರ್ಕಾರದ ಪುಸ್ತಕ. ನಿಮ್ಮದೇನೂ ತಪ್ಪಿಲ್ಲ.” ರಟ್ಟಿನ ಮೇಲಿನ ಅಕ್ಷರ ಓದಿದರು. “ಏಳನೇತ್ತದ ಪುಸ್ತಕ?”

“ಹೂಂ ರೀ, ಏಳನೇತ್ತದ್ದು.”

“ನಮ್ಮ ಅಮರಮ್ಮನೂ ಏಳನೇತ್ತ ಪಾಸ್ ಆಗ್ಯಾಳ.”

“ಗೊತ್ತೈತ್ರೀ. ಫಸ್ಟ್ ಕ್ಲಾಸ್ ಅಂತ ಹೇಳಿದ್ರಿ,” ಎಂದ ಆದೆಪ್ಪ ಹೆಮ್ಮೆಯಿಂದ.

“ಅಂದ್ರ, ನನ್ನ ಮಗಳು ಇದನ್ನ ಓದ್ಯಾಳೇನು?”

ಆದೆಪ್ಪ ಬಾಯಿ ತೆರೆದ. ಓದಿಲ್ಲ ಎಂದರೆ ಹುಡುಗಿಯ ಫಸ್ಟ್ ಕ್ಲಾಸಿಗೆ ಕಳಂಕ. ಓದಿದ್ದಾಳೆ ಎಂದರೆ ಏನಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ. ಪಾಠ ಮಾಡಿದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. “ಓದದೇ ಫಸ್ಟ್ ಕ್ಲಾಸ್ ಹೆಂಗ ಬರ್ತದ್ರೀ? ನನಗಿಂತ ಚೊಲೊ ಓದಿರ್ತಾರ,” ಎಂದ.

ಅಮರಗುಂಡಪ್ಪನವರು ಪುಸ್ತಕವನ್ನು ಅವನ ಕೈಗೆ ತುರುಕಿದರು.

“ಏನಂದ್ಯೋ? ನನ್ನ ಮಗಳಿಗೆ ಇದೆಲ್ಲಾ ಗೊತ್ತೈತಿ ಅಂತ ಊರ ಮುಂದ ಹೇಳ್ತೀಯಾ? ನಮ್ಮ ಮನಿತನದ ಹುಡುಗಿ ಅಂಥಾಕಿ ಅಲ್ಲ! ಆಪರೇಶನ್ ಆದವನಿಗೆ ಬೇಕಾದ್ರ ಕೊಟ್ಟೇನು, ನಿನಗ ಕೊಡಂಗಿಲ್ಲ!” ಚೀಲದ ಗಂಟು ಬಿಗಿದು, ವಲ್ಲಿ ಝಾಡಿಸಿ, ಆಗಲೇ ಹಾರ್ನ್ ಹೊಡೆಯುತ್ತಿದ್ದ ನಾಲ್ಕು ಗಂಟೆಯ ಬಸ್ಸಿನ ಕಡೆ ಹೊರಟೇಬಿಟ್ಟರು. ಆದೆಪ್ಪ ಹಿಂದೆ ಓಡಿದ. ಜಿಗಿದು ಜಿಗಿದು ಸೋತ ಕಾಲು ಓಡಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು.

ಅವನು ಶಾಲೆಗೆ ತಿರುಗಿ ಬಂದಾಗ ಇನ್ಸ್‌ಪೆಕ್ಟರ್ ಸಾಹೇಬರ ಜೀಪು ಹೊರಟಾಗಿತ್ತು. ಗಿಡ್ಡಪ್ಪನವರು ಅಂಗಳಕ್ಕೇ ಬಂದು ಅವನನ್ನು ತಬ್ಬಿಕೊಂಡರು.

“ಸಾಹೇಬ್ರು ಭಾಳ ಖುಷಿ ಆಗ್ಯಾರ! ಭೇಟಿ ಪುಸ್ತಕದಾಗ ನಿನ್ನ ಹೆಸರು ಬರದಾರ. ತಗೋ, ಓದು.”

ಆದೆಪ್ಪ ಓದಿದ. ಸಾಹೇಬರ ಅಕ್ಷರ ಮುತ್ತಿನಂತಿತ್ತು:

‘ಪಾಠವು ಉತ್ತಮವಾಗಿದ್ದು ಅಭಿನಯಸಹಿತವಾಗಿತ್ತು. ಪ್ರತಿ ವರ್ಷವೂ ಇದೇ ಶಿಕ್ಷಕರು ಇದನ್ನು ಬೋಧಿಸತಕ್ಕದ್ದು. ಆದರೆ ಅವಿವಾಹಿತರು ಇಂಥ ಪಾಠ ಮಾಡುವುದು ಇಲಾಖೆಯ ಗೌರವಕ್ಕೆ ತಕ್ಕುದಲ್ಲವಾದ್ದರಿಂದ, ಸದರಿ ಶಿಕ್ಷಕರು ಒಂದು ತಿಂಗಳೊಳಗಾಗಿ ವಿವಾಹವಾಗಿ ವರದಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’